ಮೋಟರ್‌ಹೋಮ್ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಅಳೆದು ಹುಡುಕುವ ಬಗೆ

ಫ್ರಿಜ್ ತಣ್ಣಗಾಗುತ್ತಿಲ್ಲ. ನೀರಿನ ಪಂಪ್ ರಾತ್ರಿಯಿಡೀ ಟಕ್ ಟಕ್ ಎನ್ನುತ್ತದೆ. ಹೀಟರ್ ಹೊತ್ತಿಕೊಂಡು ಎರಡೇ ನಿಮಿಷಕ್ಕೆ ಆರಿಹೋಗುತ್ತದೆ. ಮೋಟರ್‌ಹೋಮ್ ಇಟ್ಟುಕೊಂಡವರ ದೂರುಗಳು ಹೆಚ್ಚುಕಡಿಮೆ ಇವೇ, ಮೊದಲು ಹೊಳೆಯುವ ಪರಿಹಾರವೂ ಒಂದೇ: ಹಳೆಯದನ್ನು ಕಿತ್ತು ಹೊಸದು ಹಾಕಿಸುವುದು. ಹೊಸದು ಕೂರಿಸಿದ ಮೇಲೂ ಹಳೇ ರಾಗವೇ ಕೇಳಿಬಂದಾಗ ಗೊತ್ತಾಗುತ್ತದೆ, ಕೆಟ್ಟಿದ್ದು ಫ್ರಿಜ್ಜಲ್ಲ, ಅದಕ್ಕೆ ಸಿಗಬೇಕಾಗಿದ್ದ ವೋಲ್ಟೇಜೋ ಗಾಳಿಯೋ ಗ್ಯಾಸ್ ಒತ್ತಡವೋ ಸಿಗುತ್ತಿರಲಿಲ್ಲ ಎಂದು. ಚಕ್ರದ ಮೇಲಿನ ಮನೆ ಸದಾ ಕುಲುಕುತ್ತಿರುತ್ತದೆ. ಸ್ಕ್ರೂ ಸಡಿಲವಾಗುತ್ತದೆ, ಪೈಪಿನ ಕೀಲು ಬಿಡುತ್ತದೆ, ಮಳೆಗಾಲದ ತೇವ ತಾಮ್ರವನ್ನು ತಿನ್ನುತ್ತದೆ. ಹಾಗಾಗಿ ಮೊದಲು ಪೂರೈಕೆಯನ್ನು ಅಳೆಯಿರಿ, ಅದು ಸರಿ ಇದ್ದರೆ ಮಾತ್ರ ಉಪಕರಣದ ಮೇಲೆ ಅನುಮಾನ ಪಡಿ. ಕೆಳಗಿನದೆಲ್ಲ ಈ ಕ್ರಮದಲ್ಲೇ ಇದೆ.

ಜೊತೆಗಿರಬೇಕಾದ ಸಲಕರಣೆ

ಒಂದು ಡಿಜಿಟಲ್ ಮಲ್ಟಿಮೀಟರ್. ಒಂದು ಕ್ಲ್ಯಾಂಪ್ ಮೀಟರ್, ಅಂದರೆ ವೈರ್ ಬಿಚ್ಚದೆ ಅದರ ಸುತ್ತ ಹಿಡಿಸಿ ಕರೆಂಟ್ ಅಳೆಯುವ ಮೀಟರ್. ಕೊಳ್ಳುವಾಗ ಅದು ಡಿಸಿ ಕರೆಂಟ್ ಅಳೆಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಎಸಿ ಮಾತ್ರ ಅಳೆಯುವ ಕ್ಲ್ಯಾಂಪ್ ಮೀಟರ್‌ಗಳೇ ಹೆಚ್ಚು, ಅವು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಎರಡೂ ತುದಿಗೆ ಕ್ರೊಕೊಡೈಲ್ ಕ್ಲಿಪ್ ಹಾಕಿದ ಸುಮಾರು 10 ಮೀಟರ್ ಉದ್ದದ ಒಂಟಿ ವೈರ್, ಒಳ್ಳೆಯ ಕ್ರಿಂಪಿಂಗ್ ಇಕ್ಕಳ, ವೈರಿನ ತುದಿಗೆ ಒತ್ತಿ ಕೂರಿಸುವ ಬೇರೆ ಬೇರೆ ಅಳತೆಯ ಲಗ್‌ಗಳು (ಲೋಹದ ಕೊಂಡಿಗಳು), ನಿಮ್ಮ ಗಾಡಿಯಲ್ಲಿರುವ ಪ್ರತಿ ನಮೂನೆಯ ಫ್ಯೂಸ್ ಎರಡೆರಡು, ಸೋಪಿನ ನೀರು ತುಂಬಿದ ಸ್ಪ್ರೇ ಬಾಟಲಿ, ಟಾರ್ಚ್. ಆ ಉದ್ದದ ವೈರ್ ಹೆಚ್ಚಿನವರ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಆದರೆ ಹಿಂಬದಿಯ ಬ್ಯಾಟರಿಯಿಂದ ಮುಂದಿನ ಹೀಟರ್‌ವರೆಗೆ ಮೀಟರಿನ ಪ್ರೋಬ್ ಮುಟ್ಟಿಸಲು ಅದಿಲ್ಲದೆ ಆಗದು.

ಬ್ಯಾಟರಿ: ಅಂಕಿ ಓದುವುದಕ್ಕೂ ಹೊತ್ತು ನೋಡಬೇಕು

ಚಾರ್ಜರ್ ಈಗಷ್ಟೇ ತೆಗೆದ ಬ್ಯಾಟರಿಯ ಮೇಲೆ 13.2 ವೋಲ್ಟ್ ಕಂಡರೆ ಅದರಿಂದ ಏನೂ ತಿಳಿಯುವುದಿಲ್ಲ. ಲೆಡ್-ಆಸಿಡ್ ಬ್ಯಾಟರಿಯನ್ನು (ಎಜಿಎಂ, ಜೆಲ್ ಕೂಡ ಇದೇ ಜಾತಿಯವು) ಚಾರ್ಜೂ ಇಲ್ಲದೆ ಲೋಡೂ ಇಲ್ಲದೆ ನಾಲ್ಕಾರು ಗಂಟೆ ಬಿಟ್ಟು ಅಳೆಯಿರಿ. ಆಗ 12.7 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ ಉಳಿದಿದೆ ಎಂದು ಸ್ಥೂಲವಾಗಿ ಲೆಕ್ಕ. ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಬ್ಯಾಟರಿಯ ಆಯಸ್ಸು ಬೇಗ ಮುಗಿಯುತ್ತದೆ. ಅರೆಬರೆ ಚಾರ್ಜ್‌ನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಇನ್ನೂ ಕೆಟ್ಟದ್ದು: ಪ್ಲೇಟುಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ಇಂಥ ಬ್ಯಾಟರಿ ಚಾರ್ಜಿಗೆ ಹಾಕಿದೊಡನೆ ‘ತುಂಬಿತು’ ಎನ್ನುತ್ತದೆ, ದೀಪ ಹಚ್ಚಿದೊಡನೆ ಕುಸಿಯುತ್ತದೆ.

ಪರೀಕ್ಷೆ ಸುಲಭ. ತುಂಬಿದ ಬ್ಯಾಟರಿಯ ಮೇಲೆ ಅದರ ಸಾಮರ್ಥ್ಯದ ಇಪ್ಪತ್ತನೇ ಒಂದು ಭಾಗದಷ್ಟು ಲೋಡ್ ಹಾಕಿ, ಅಂದರೆ 100 ಆಂಪ್-ಅವರ್ (ಆಂಪನ್ನು ಗಂಟೆಯಿಂದ ಗುಣಿಸಿದ ಸಾಮರ್ಥ್ಯದ ಅಳತೆ) ಬ್ಯಾಟರಿಗೆ 5 ಆಂಪ್. ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟ್ ನೋಡುತ್ತಾ ದೀಪಗಳನ್ನೂ ಫ್ಯಾನನ್ನೂ ಹಚ್ಚಿ ಇದನ್ನು ಹೊಂದಿಸಿಕೊಳ್ಳಬಹುದು. ಹತ್ತು ಗಂಟೆಯ ನಂತರ ಲೋಡ್ ತೆಗೆದು, ಬ್ಯಾಟರಿಯನ್ನು ವಿಶ್ರಾಂತಿಗೆ ಬಿಟ್ಟು ಅಳೆದಾಗ 12.2ರ ಆಸುಪಾಸು ಇರಬೇಕು. ಮೂರು ಗಂಟೆಗೇ ಅಲ್ಲಿಗೆ ಇಳಿದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಈ ಪಟ್ಟಿ ಸಲ್ಲದು. ಅದರ ವೋಲ್ಟೇಜ್ ಹೆಚ್ಚು ಕಾಲ 13.2ರ ಸುತ್ತಲೇ ಇರುತ್ತದೆ, ಕೊನೆಗೆ ಒಮ್ಮೆಲೇ ಬೀಳುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ನೆಗೆಟಿವ್ ಕೇಬಲ್‌ನಲ್ಲಿ ಶಂಟ್ (ಹಾದುಹೋಗುವ ಕರೆಂಟನ್ನು ಅಳೆಯುವ ತುಂಡು) ಕೂರಿಸಿದ ಬ್ಯಾಟರಿ ಮಾನಿಟರ್ ಬೇಕು. ಗಾಡಿಯ ಎಲ್ಲ ನೆಗೆಟಿವ್ ವೈರ್‌ಗಳೂ ಶಂಟಿನ ಆಚೆ ಬದಿಗೇ ಸೇರಬೇಕು. ಒಂದು ವೈರ್ ನೇರ ಬ್ಯಾಟರಿಗೆ ಹೋದರೂ ಲೆಕ್ಕ ತಪ್ಪುತ್ತದೆ. ಇನ್ನೊಂದು ವಿಷಯ: ಸೆಲ್‌ಗಳ ತಾಪಮಾನ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದಾಗ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಇದನ್ನು ತಡೆಯುವಂತೆ ಇರಬೇಕು. ಚಳಿಯ ಬೆಳಗ್ಗೆ ‘ಸೋಲಾರ್ ಕೆಲಸ ಮಾಡುತ್ತಿಲ್ಲ’ ಎಂದು ಕಂಡರೆ ಬಹಳ ಸಲ ಕಾರಣ ಇದೇ, ದೋಷ ಏನೂ ಇರುವುದಿಲ್ಲ.

ನಿಲ್ಲಿಸಿದ್ದಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ

ಎಲ್ಲ ಸ್ವಿಚ್ ಆರಿಸಿ, ಬಾಗಿಲು ಮುಚ್ಚಿ, ಸೋಲಾರ್ ಬೇರ್ಪಡಿಸಿ. ಬ್ಯಾಟರಿಯ ನೆಗೆಟಿವ್ ಕೇಬಲ್‌ಗೆ ಕ್ಲ್ಯಾಂಪ್ ಮೀಟರ್ ಹಾಕಿ. ಗ್ಯಾಸ್ ಅಲಾರಂ, ಕಂಟ್ರೋಲ್ ಪ್ಯಾನೆಲ್, ರೇಡಿಯೊ ನೆನಪಿಗೆ ಒಂದಿಷ್ಟು ಹೋಗುವುದು ಸಹಜ. ಆದರೆ 0.5 ಆಂಪ್ ಕಂಡರೆ ದಿನಕ್ಕೆ 12 ಆಂಪ್-ಅವರ್ ಸೋರುತ್ತಿದೆ ಎಂದರ್ಥ, 100 ಆಂಪ್-ಅವರ್‌ನ ಬ್ಯಾಟರಿ ನಾಲ್ಕೇ ದಿನಕ್ಕೆ ಅರ್ಧ. ಈಗ ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಅಂಕಿ ಧುತ್ತನೆ ಇಳಿಯಿತೋ ಆ ಸಾಲಿನಲ್ಲಿ ಕಳ್ಳ ಇದ್ದಾನೆ. ಟಿವಿಯ ಆಂಟೆನಾ ಬೂಸ್ಟರ್, ಆರಿಸಲು ಮರೆತ ಇನ್ವರ್ಟರ್, ಕಪಾಟಿನೊಳಗೆ ಉರಿಯುತ್ತಲೇ ಇರುವ ದೀಪ, ಹೆಚ್ಚಾಗಿ ಇವೇ.

ಮಲ್ಟಿಮೀಟರನ್ನೇ ಸಾಲಿನಲ್ಲಿ ಜೋಡಿಸಿ ಆಂಪ್ ಅಳೆಯುವವರು ಆ ಹೊತ್ತಿನಲ್ಲಿ ಪಂಪ್, ಹೀಟರ್ ಯಾವುದನ್ನೂ ಚಾಲೂ ಮಾಡಬೇಡಿ. ಅಳೆದಾದ ತಕ್ಷಣ ಕೆಂಪು ಪ್ರೋಬನ್ನು ವೋಲ್ಟ್ ತೂತಿಗೆ ವಾಪಸು ಹಾಕಿ. ಆಂಪ್ ತೂತಿನಲ್ಲೇ ಬಿಟ್ಟು ಮುಂದಿನ ಸಲ ಬ್ಯಾಟರಿಯ ಎರಡೂ ಟರ್ಮಿನಲ್‌ಗೆ ಮುಟ್ಟಿಸಿದರೆ ಅದು ನೇರ ಶಾರ್ಟ್ ಸರ್ಕ್ಯೂಟ್.

ವೋಲ್ಟೇಜ್ ದಾರಿಯಲ್ಲಿ ಎಲ್ಲಿ ಬೀಳುತ್ತಿದೆ

ಒಂದೇ ಒಂದು ಪರೀಕ್ಷೆ ಕಲಿಯುವುದಾದರೆ ಇದನ್ನು ಕಲಿಯಿರಿ. ಅರ್ಧಕ್ಕರ್ಧ ‘ಕೆಟ್ಟ’ ಪಂಪು, ಫ್ರಿಜ್ಜು, ಹೀಟರುಗಳು ಇಲ್ಲಿಯೇ ರಿಪೇರಿಯಾಗುತ್ತವೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳಬೇಕು. ಪಂಪಿನ ವೈರ್ ಬಿಚ್ಚಿ, ತುದಿಗೆ ಮೀಟರ್ ಮುಟ್ಟಿಸಿ, 12.7 ಬಂತು, ಕರೆಂಟ್ ಬರುತ್ತಿದೆ ಎಂದು ತೀರ್ಮಾನಿಸುವುದು ಎಲ್ಲರೂ ಮಾಡುವ ಕೆಲಸ. ಮೀಟರ್ ಎಳೆದುಕೊಳ್ಳುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಕರೆಂಟ್ ಹರಿಯದಿದ್ದರೆ ವೋಲ್ಟೇಜ್ ಬೀಳುವುದೂ ಇಲ್ಲ. ವೈರಿನ ಒಂದೇ ಎಳೆ ಉಳಿದಿದ್ದರೂ ಪೂರ್ತಿ 12.7 ಕಾಣುತ್ತದೆ. ಪಂಪ್ ತಿರುಗಲು ಹೊರಟು 6 ಆಂಪ್ ಕೇಳಿದಾಗ ಮಾತ್ರ ಆ ಎಳೆಯ ಬಣ್ಣ ಬಯಲಾಗುತ್ತದೆ. ಹಾಗಾಗಿ ಅಳತೆ ಏನಿದ್ದರೂ ಉಪಕರಣ ಓಡುತ್ತಿರುವಾಗಲೇ.

1. ನಲ್ಲಿ ತೆರೆದು ಪಂಪ್ ಓಡಲು ಬಿಡಿ. ಫ್ರಿಜ್ ಆದರೆ ಕಂಪ್ರೆಸರ್ ನಿಜಕ್ಕೂ ತಿರುಗುತ್ತಿರಬೇಕು.
2. ಬ್ಯಾಟರಿಯ ಕಂಬಗಳ ಮೇಲೆಯೇ ವೋಲ್ಟೇಜ್ ಅಳೆದು ಬರೆದುಕೊಳ್ಳಿ. ಕ್ಲ್ಯಾಂಪಿನ ಮೇಲಲ್ಲ, ಸೀಸದ ಕಂಬದ ಮೇಲೆ.
3. ಉಪಕರಣದ ಟರ್ಮಿನಲ್‌ಗಳಲ್ಲಿ ಅಳೆಯಿರಿ. ವ್ಯತ್ಯಾಸ 0.3 ವೋಲ್ಟ್ ಒಳಗಿದ್ದರೆ ಒಳ್ಳೆಯದು. 0.5 ದಾಟಿದರೆ ಹುಡುಕಲೇಬೇಕು.
4. ಉದ್ದದ ವೈರಿನಿಂದ ಒಂದು ಪ್ರೋಬನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಉಪಕರಣದ ನೆಗೆಟಿವ್‌ಗೂ ಮುಟ್ಟಿಸಿ. ಕಾಣುವ ಅಂಕಿಯೇ ವಾಪಸು ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟೇಜ್. ಪಾಸಿಟಿವ್ ಕಡೆಗೂ ಹೀಗೇ ಮಾಡಿ.
5. ಯಾವ ಕಡೆ ಹೆಚ್ಚು ಕಳೆಯುತ್ತಿದೆಯೋ ಆ ದಾರಿಯಲ್ಲಿ ಜೋಡಣೆಯಿಂದ ಜೋಡಣೆಗೆ ಪ್ರೋಬ್ ಸರಿಸುತ್ತಾ ಬನ್ನಿ. ಫ್ಯೂಸಿನ ಎರಡು ಬದಿಯ ನಡುವೆ 0.1 ವೋಲ್ಟ್‌ಗಿಂತ ಹೆಚ್ಚು ಕಂಡರೆ ಫ್ಯೂಸ್ ಹಿಡಿಯುವ ಪಟ್ಟಿ ಸಡಿಲವಾಗಿದೆ ಅಥವಾ ತುಕ್ಕು ತಿಂದಿದೆ.

ಹೆಚ್ಚಿನ ಸಲ ದಾರಿ ಕೊನೆಯಾಗುವುದು ಚಾಸಿಗೆ ಬಿಗಿದ ಒಂದು ಅರ್ಥ್ ಬೋಲ್ಟಿನಲ್ಲಿ, ಇಲ್ಲವೇ ಒಂದು ಲಗ್ಗಿನಲ್ಲಿ. ಹೊರಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಲಗ್ಗಿನ ಮೇಲಿನ ಪ್ಲಾಸ್ಟಿಕ್ ತೊಗಟೆಯನ್ನು ಬ್ಲೇಡಿನಿಂದ ಸೀಳಿದರೆ ಹಸಿರು ಪುಡಿ ಉದುರುತ್ತದೆ. ಬೆರಳಲ್ಲಿ ಅಲ್ಲಾಡಿಸಿದರೆ ಎಳೆಗಳು ಪಟಪಟನೆ ಮುರಿದು ಮೂರೋ ನಾಲ್ಕೋ ಉಳಿಯುತ್ತವೆ, ಅವೂ ಕಪ್ಪಗಾಗಿರುತ್ತವೆ. ಕಪ್ಪಾದ ಭಾಗ ಪೂರ್ತಿ ಹೋಗುವವರೆಗೆ ವೈರನ್ನು ಹಿಂದಕ್ಕೆ ಕತ್ತರಿಸಿ, ಹೊಳೆಯುವ ತಾಮ್ರ ಸಿಕ್ಕ ಮೇಲೆ ಹೊಸ ಲಗ್ ಕ್ರಿಂಪ್ ಮಾಡಿ, ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಿ. ಅರ್ಥ್ ಬೋಲ್ಟಿನ ಕೆಳಗಿನ ಬಣ್ಣವನ್ನು ಲೋಹ ಕಾಣುವಂತೆ ಉಜ್ಜಿ ಬಿಗಿದು, ಮೇಲೆ ಗ್ರೀಸ್ ಸವರಿ.

ಜೋಡಣೆಗಳೆಲ್ಲ ಸರಿಯಿದ್ದೂ ವೋಲ್ಟೇಜ್ ಬೀಳುತ್ತಿದ್ದರೆ ವೈರ್ ತೆಳುವಾಗಿದೆ. ಲೆಕ್ಕ ಹೀಗೆ: 0.0175ನ್ನು ಹೋಗಿಬರುವ ಒಟ್ಟು ಉದ್ದದಿಂದಲೂ (ಮೀಟರ್) ಕರೆಂಟಿನಿಂದಲೂ (ಆಂಪ್) ಗುಣಿಸಿ, ವೈರಿನ ದಪ್ಪದಿಂದ (ಚದರ ಮಿ.ಮೀ.) ಭಾಗಿಸಿ. ಬ್ಯಾಟರಿಯಿಂದ 5 ಮೀಟರ್ ದೂರದ ಉಪಕರಣ 10 ಆಂಪ್ ಎಳೆಯುತ್ತಿದ್ದರೆ ಒಟ್ಟು ಉದ್ದ 10 ಮೀಟರ್. 2.5 ಚದರ ಮಿ.ಮೀ. ವೈರಿನಲ್ಲಿ 0.7 ವೋಲ್ಟ್ ಹೋಗುತ್ತದೆ, 6 ಚದರ ಮಿ.ಮೀ. ವೈರಿನಲ್ಲಿ 0.3 ಕೂಡ ಹೋಗುವುದಿಲ್ಲ. ಕಂಪ್ರೆಸರ್ ಫ್ರಿಜ್ ಬೆಳಗಿನ ಜಾವ ತಾನಾಗಿಯೇ ನಿಲ್ಲುವುದರ ಗುಟ್ಟು ಇದೇ. ಬ್ಯಾಟರಿಯಲ್ಲಿ ಇನ್ನೂ 12.0 ಇರುತ್ತದೆ, ಫ್ರಿಜ್ಜಿಗೆ ಕಾಣುವುದು ಅದಕ್ಕಿಂತ ಬಹಳ ಕಡಿಮೆ, ಅದರ ರಕ್ಷಣಾ ಸರ್ಕ್ಯೂಟ್ ಬಾಗಿಲು ಹಾಕುತ್ತದೆ.

ಹೊಸ ವೈರ್ ಎಳೆದಾಗ ಫ್ಯೂಸ್ ಇರಬೇಕಾದ್ದು ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ, ಗೇಣುದ್ದದೊಳಗೆ. ಫ್ಯೂಸ್ ಕಾಯುವುದು ವೈರನ್ನು. ಆದ್ದರಿಂದ ಅದರ ಆಂಪ್ ವೈರ್ ತಾಳುವ ಮಿತಿಗಿಂತ ಕಡಿಮೆ ಇರಬೇಕು. ಪದೇ ಪದೇ ಹೋಗುತ್ತದೆಂದು ದೊಡ್ಡ ಫ್ಯೂಸ್ ಹಾಕಿದರೆ ಮುಂದಿನ ಸಲ ಸುಡುವುದು ವೈರ್, ಅದರ ಜೊತೆಗೆ ಗೋಡೆ.

ಓಡುವಾಗ ಚಾರ್ಜ್ ಆಗದಿದ್ದರೆ

ಇತ್ತೀಚಿನ ಎಂಜಿನ್‌ಗಳ ಸ್ಮಾರ್ಟ್ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ವಿದ್ಯುತ್ ಉತ್ಪಾದಕ) ಇಂಧನ ಉಳಿಸಲು ವೋಲ್ಟೇಜನ್ನು ತನ್ನಷ್ಟಕ್ಕೆ ಇಳಿಸುತ್ತದೆ. ಬರೀ ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್) ಮೂಲಕ ಗಾಡಿಯ ವಾಸದ ಭಾಗದ ಬ್ಯಾಟರಿಗೆ ಜೋಡಿಸಿದ್ದರೆ ದಿನವಿಡೀ ಓಡಿಸಿದರೂ ಅದು ಪೂರ್ತಿ ತುಂಬುವುದಿಲ್ಲ. ಡಿಸಿ-ಡಿಸಿ ಚಾರ್ಜರ್ ಹಾಕಿದರೆ ಒಳಗೆ ಬರುವುದು ಎಷ್ಟೇ ಆಗಲಿ, ಹೊರಗೆ ಬ್ಯಾಟರಿಗೆ ಬೇಕಾದ 14.4ರ ಆಸುಪಾಸಿನ ವೋಲ್ಟೇಜ್ ಕೊಡುತ್ತದೆ. ಲಿಥಿಯಂ ಬ್ಯಾಟರಿಗಂತೂ ಇದು ಬೇಕೇ ಬೇಕು. ಲಿಥಿಯಂ ಕೊಟ್ಟಷ್ಟನ್ನೂ ಎಳೆದುಕೊಳ್ಳುತ್ತದೆ, ಎಂಜಿನ್ ನಿಧಾನ ತಿರುಗುವಾಗ ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು. ಡಿಸಿ-ಡಿಸಿ ಚಾರ್ಜರ್ ಕರೆಂಟಿಗೆ 30 ಆಂಪ್‌ನಂತೆ ಒಂದು ಮಿತಿ ಹಾಕುತ್ತದೆ.

ಸೋಲಾರ್ ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್ ಜೋಡಿಸಿ. ಬಿಚ್ಚುವಾಗ ಮೊದಲು ಪ್ಯಾನೆಲ್. ಇನ್ವರ್ಟರ್ ವಿಷಯದಲ್ಲಿ ವ್ಯಾಟನ್ನು 10ರಿಂದ ಭಾಗಿಸಿದರೆ 12 ವೋಲ್ಟ್ ಕಡೆಯ ಆಂಪ್ ಸುಮಾರಾಗಿ ಸಿಗುತ್ತದೆ. 1500 ವ್ಯಾಟಿನ ಕೆಟಲ್ ಎಂದರೆ 150 ಆಂಪ್. ಅಷ್ಟನ್ನು ಒಂದೇ 100 ಆಂಪ್-ಅವರ್ ಲೆಡ್ ಬ್ಯಾಟರಿಯಿಂದ ಕೇಳಬಾರದು.

ಹೊರಗಿನ ಕರೆಂಟಿಗೆ ಸಿಕ್ಕಿಸಿದಾಗ ಆರ್‌ಸಿಡಿ (ಕರೆಂಟ್ ಸೋರಿದೊಡನೆ ಕಡಿಯುವ ಸುರಕ್ಷಾ ಸ್ವಿಚ್) ಬೀಳುತ್ತಿದ್ದರೆ ಒಳಗಿನ ಪ್ಲಗ್‌ಗಳನ್ನೆಲ್ಲ ಕಿತ್ತು, ಎಂಸಿಬಿಗಳನ್ನು (ಪ್ರತಿ ಸಾಲಿನ ಬ್ರೇಕರ್ ಸ್ವಿಚ್) ಇಳಿಸಿ, ಒಂದೊಂದೇ ಮೇಲೆತ್ತಿ. ಬಾಯ್ಲರಿನ ಅಥವಾ ಫ್ರಿಜ್ಜಿನ ಹೀಟಿಂಗ್ ರಾಡಿಗೆ ತೇವ ಹೊಕ್ಕಿರುವುದು ಸಾಮಾನ್ಯ ಕಾರಣ. ಅದಕ್ಕೂ ಒಳಗಿನ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ. ಕೇಬಲ್ ಸುತ್ತಿದ ಡ್ರಮ್ಮನ್ನು ಮಾತ್ರ ಯಾವಾಗಲೂ ಪೂರ್ತಿ ಬಿಚ್ಚಿಯೇ ಬಳಸಿ. ಸುರುಳಿಯಲ್ಲೇ ಬಿಟ್ಟು ಹೀಟರ್ ಹಚ್ಚಿದರೆ ಒಳಸುತ್ತು ಕಾದು ಕರಗುತ್ತದೆ.

ನೀರು

ನಲ್ಲಿ ತೆರೆದೊಡನೆ ತಾನಾಗಿ ಓಡುವ, ಒತ್ತಡದ ಸ್ವಿಚ್ ಇರುವ ಡಯಾಫ್ರಾಂ ಪಂಪ್ ನಿಮ್ಮಲ್ಲಿದ್ದರೆ, ಅದರ ಶಬ್ದವೇ ಅರ್ಧ ರೋಗ ಹೇಳುತ್ತದೆ.

ಪಂಪ್ ತಿರುಗುತ್ತದೆ, ನೀರು ಬರುವುದಿಲ್ಲ: ಎಲ್ಲೋ ಗಾಳಿ ಎಳೆಯುತ್ತಿದೆ. ಟ್ಯಾಂಕಿನಿಂದ ಬರುವ ಪೈಪನ್ನು ಪಂಪಿನಿಂದ ಬಿಚ್ಚಿ, ಒಂದು ತುಂಡು ಪೈಪ್ ಸಿಕ್ಕಿಸಿ ಬಕೆಟ್ಟಿನ ನೀರಿಗೆ ಇಳಿಬಿಡಿ. ಬಕೆಟ್ಟಿನಿಂದ ಚೆನ್ನಾಗಿ ಎಳೆದರೆ ಪಂಪ್ ಗಟ್ಟಿಮುಟ್ಟಾಗಿದೆ, ದೋಷ ಟ್ಯಾಂಕ್ ಕಡೆಯ ಪೈಪಿನಲ್ಲಿ. ಮೊದಲು ನೋಡಬೇಕಾದ್ದು ಜಾಲರಿ ಫಿಲ್ಟರಿನ ಮುಚ್ಚಳ. ಶುಚಿ ಮಾಡಿ ಮುಚ್ಚುವಾಗ ಓ-ರಿಂಗ್ ಓರೆಯಾಗಿ ಕೂತಿದ್ದರೆ ನೀರು ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತದೆ. ಬಕೆಟ್ಟಿನಿಂದಲೂ ಎಳೆಯದಿದ್ದರೆ ಪಂಪಿನ ತಲೆ ಬಿಚ್ಚಿ ವಾಲ್ವ್‌ಗಳಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೂರು ಹುಡುಕಿ. ಹೊಸ ಗಾಡಿಗಳ ಟ್ಯಾಂಕಿನಲ್ಲಿ ತೂತು ಕೊರೆದಾಗಿನ ಚೂರುಗಳು ಉಳಿದಿರುತ್ತವೆ.

ನಲ್ಲಿ ಮುಚ್ಚಿದ್ದರೂ ಆಗಾಗ ಒಂದು ಕ್ಷಣ ಓಡುತ್ತದೆ: ಒತ್ತಡ ಸೋರುತ್ತಿದೆ. ಪ್ರತಿ ಕೀಲಿಗೂ ಒಣ ಟಿಶ್ಯೂ ಸುತ್ತಿ ಒಂದು ಗಂಟೆ ಬಿಟ್ಟು ನೋಡಿ. ಎಲ್ಲವೂ ಒಣಗಿದ್ದರೆ ಬಾಯ್ಲರಿನ ಸೇಫ್ಟಿ ವಾಲ್ವ್ ಗಾಡಿಯ ಕೆಳಗೆ ಹನಿಸುತ್ತಿದೆಯೇ ನೋಡಿ, ಇಲ್ಲದಿದ್ದರೆ ಪಂಪಿನ ಒಳವಾಲ್ವಿನಿಂದ ನೀರು ಟ್ಯಾಂಕಿಗೆ ವಾಪಸಾಗುತ್ತಿದೆ. ನಲ್ಲಿ ತೆರೆದಾಗ ಮಾತ್ರ ತಡವರಿಸಿ ಓಡುತ್ತದೆ ಎಂದರೆ ಅದು ದೋಷವಲ್ಲ. ಒಂದು ಸಣ್ಣ ಅಕ್ಯುಮ್ಯುಲೇಟರ್ ಟ್ಯಾಂಕ್ (ಒತ್ತಡದಲ್ಲಿ ಸ್ವಲ್ಪ ನೀರು ಹಿಡಿದಿಡುವ ಟ್ಯಾಂಕ್) ಹಾಕಿದರೆ ಹರಿವು ಸಮವಾಗುತ್ತದೆ.

ಚಳಿಯಲ್ಲಿ ಬಾಯ್ಲರಿನ ನೀರೆಲ್ಲ ತಾನಾಗಿ ನೆಲಕ್ಕೆ ಸುರಿದುಹೋಗಿದ್ದರೆ ಗಾಬರಿ ಬೇಡ. ಹಲವು ಬಾಯ್ಲರ್‌ಗಳಲ್ಲಿ ಹಿಮ ರಕ್ಷಣೆಯ ವಾಲ್ವ್ ಇರುತ್ತದೆ. ತಾಪಮಾನ 3 ಡಿಗ್ರಿಯ ಹತ್ತಿರ ಬಂದಾಗ ತೆರೆದುಕೊಳ್ಳುತ್ತದೆ, ಸುತ್ತಲಿನ ಜಾಗ 7 ಡಿಗ್ರಿಯಷ್ಟು ಬೆಚ್ಚಗಾಗುವವರೆಗೆ ಗುಂಡಿ ಒತ್ತಿದರೂ ಕೂರುವುದಿಲ್ಲ. ಮೊದಲು ಒಳಗೆ ಬೆಚ್ಚಗೆ ಮಾಡಿ, ಆಮೇಲೆ ಮುಚ್ಚಿ. ಗಾಡಿಯನ್ನು ಹಿಮದಲ್ಲಿ ನಿಲ್ಲಿಸಿ ಬಿಡುವುದಾದರೆ ನೀರು ಪೂರ್ತಿ ಖಾಲಿ ಮಾಡಿ, ಒಂಟಿ ಹಿಡಿಯ ನಲ್ಲಿಗಳನ್ನು ಬಿಸಿ-ತಣ್ಣನೆಯ ನಟ್ಟ ನಡುವೆ ತೆರೆದಿಟ್ಟು, ಶವರ್ ತಲೆಯನ್ನು ಕೆಳಗೆ ಮಲಗಿಸಿ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ನಲ್ಲಿಯೊಳಗೆ ಉಳಿದ ಒಂದು ಚಮಚ ನೀರೇ ಅದನ್ನು ಸೀಳಬಲ್ಲದು.

ಟ್ಯಾಂಕಿನ ಸೋಂಕು ನಿವಾರಣೆಗೆ 100 ಲೀಟರ್ ನೀರಿಗೆ ಪರಿಮಳವಿಲ್ಲದ 5 ಪರ್ಸೆಂಟ್ ಬ್ಲೀಚ್ 100 ಮಿ.ಲೀ. ಸಾಕು. ಎಲ್ಲ ನಲ್ಲಿಗಳಲ್ಲೂ ವಾಸನೆ ಬರುವವರೆಗೆ ಹರಿಸಿ, ನಾಲ್ಕು ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ತೊಳೆಯಿರಿ. ಸ್ಟೇನ್‌ಲೆಸ್ ಸ್ಟೀಲ್ ಬಾಯ್ಲರನ್ನು ಬ್ಲೀಚ್ ತಿನ್ನುತ್ತದೆ. ಅಂಥದ್ದಿದ್ದರೆ ಬಾಯ್ಲರನ್ನು ಈ ಕೆಲಸದಿಂದ ಹೊರಗಿಡಿ. ಬ್ಲೀಚಿನ ಜೊತೆ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಎಂದಿಗೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಮೂರು ದಾರಿಯ ಫ್ರಿಜ್

ಗ್ಯಾಸ್, ಹೊರಗಿನ ಕರೆಂಟ್, 12 ವೋಲ್ಟ್ ಮೂರರಲ್ಲೂ ಓಡುವ ಅಬ್ಸಾರ್ಪ್‌ಷನ್ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇಲ್ಲ. ಅಮೋನಿಯಾ, ನೀರು, ಹೈಡ್ರೋಜನ್ ತುಂಬಿದ ಕೊಳವೆಗಳ ಕೆಳಭಾಗಕ್ಕೆ ಬಿಸಿ ಕೊಟ್ಟರೆ ಅಮೋನಿಯಾ ಬೇರೆಯಾಗಿ ಮೇಲೇರಿ, ತಣಿದು, ದ್ರವವಾಗಿ ಹರಿದು ಬರುತ್ತದೆ. ದ್ರವ ಇಳಿದು ಬರುವುದು ಬರೀ ಇಳಿಜಾರಿನ ಬಲದಿಂದ. ಗಾಡಿ ಮೂರು ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ದ್ರವ ಕೊಳವೆಯ ಬಳುಕಿನಲ್ಲಿ ನಿಂತುಬಿಡುತ್ತದೆ. ಹಾಗಾಗಿ ಮೊದಲು ರಸಮಟ್ಟ ಇಟ್ಟು ಗಾಡಿ ಸಮ ಮಾಡಿ.

ಎರಡನೆಯದು ಗಾಳಿ. ಫ್ರಿಜ್ಜಿನ ಹಿಂದಿನ ಕೆಳಜಾಲರಿಯಿಂದ ತಣ್ಣನೆ ಗಾಳಿ ಒಳಬಂದು, ಬಿಸಿ ಹೊರಹಾಕುವ ಲೋಹದ ರೆಕ್ಕೆಗಳ ನಡುವೆ ಹಾದು, ಮೇಲಿನ ಜಾಲರಿಯಿಂದ ಹೊರಹೋಗಬೇಕು. ಫ್ರಿಜ್ಜಿನ ಬೆನ್ನಿಗೂ ಗೋಡೆಗೂ ನಡುವೆ ಹೆಚ್ಚು ಖಾಲಿ ಜಾಗವಿದ್ದರೆ ಗಾಳಿ ರೆಕ್ಕೆಗಳನ್ನು ಮುಟ್ಟದೆ ಆ ಖಾಲಿಯಲ್ಲೇ ಹೋಗುತ್ತದೆ. ಅಲ್ಲಿ ಅಲ್ಯುಮಿನಿಯಂ ತಗಡು ಬಾಗಿಸಿ ಅಡ್ಡ ಕಟ್ಟಿದರೆ, ಮೇಲೆ ಒಂದೆರಡು ಸಣ್ಣ 12 ವೋಲ್ಟ್ ಫ್ಯಾನ್ ಕೂರಿಸಿದರೆ ಬೇಸಿಗೆಯಲ್ಲೂ ಫ್ರಿಜ್ ಬದುಕುತ್ತದೆ. ಚಳಿಗಾಲದ ಮುಚ್ಚಳ ತೆಗೆಯಲು ಮರೆತು ಫ್ರಿಜ್ಜನ್ನು ದೂಷಿಸುವುದೂ ಉಂಟು.

ಇವೆರಡೂ ಸರಿಯಿದ್ದರೆ, ಯಾವುದರಲ್ಲಿ ತಣ್ಣಗಾಗುತ್ತದೆ, ಯಾವುದರಲ್ಲಿ ಇಲ್ಲ ಎಂದು ನೋಡಿ. ಕರೆಂಟಿನಲ್ಲಿ ಸರಿ, ಗ್ಯಾಸಿನಲ್ಲಿ ಇಲ್ಲ ಎಂದರೆ ಬರ್ನರ್ ಅಥವಾ ಗ್ಯಾಸ್ ಪೂರೈಕೆ. ಗ್ಯಾಸಿನಲ್ಲಿ ಸರಿ, ಕರೆಂಟಿನಲ್ಲಿ ಇಲ್ಲ ಎಂದರೆ ಹೀಟಿಂಗ್ ರಾಡ್. ಪ್ಲಗ್ ಕಿತ್ತು, ರಾಡಿನ ವೈರ್ ಬಿಚ್ಚಿ ಓಮ್ ಅಳೆಯಿರಿ. ವೋಲ್ಟೇಜನ್ನು ಅದರಿಂದಲೇ ಗುಣಿಸಿ ವ್ಯಾಟಿನಿಂದ ಭಾಗಿಸಿದರೆ ಬರಬೇಕಾದ ಅಂಕಿ ಸಿಗುತ್ತದೆ. 230 ವೋಲ್ಟಿನ 125 ವ್ಯಾಟ್ ರಾಡಿಗೆ ಸುಮಾರು 423 ಓಮ್, 12 ವೋಲ್ಟಿನ 120 ವ್ಯಾಟ್ ರಾಡಿಗೆ 1.2 ಓಮ್. ಮೀಟರ್ ತುದಿಯಿಲ್ಲದ ಅಂಕಿ ತೋರಿದರೆ ರಾಡ್ ಕಡಿದಿದೆ. 12 ವೋಲ್ಟ್ ಇರುವುದು ಓಡುವಾಗ ತಂಪು ಕಾಪಾಡಿಕೊಳ್ಳಲು ಮಾತ್ರ, ಬಿಸಿಯಿದ್ದದ್ದನ್ನು ತಣಿಸಲು ಅಲ್ಲ. ಮೂರರಲ್ಲೂ ತಣ್ಣಗಾಗುತ್ತಿಲ್ಲ, ಹಿಂದೆ ಹಳದಿ ಪುಡಿ ಕಾಣುತ್ತಿದೆ, ಅಮೋನಿಯಾದ ಘಾಟು ಇದೆ ಎಂದರೆ ಕೊಳವೆ ಸೋರಿದೆ. ಆರಿಸಿ, ಕಿಟಕಿ ತೆರೆಯಿರಿ. ಕೂಲಿಂಗ್ ಯೂನಿಟ್ ಬದಲಿಸದೆ ಬೇರೆ ದಾರಿಯಿಲ್ಲ.

ಬರ್ನರಿನ ಜ್ವಾಲೆ ನೀಲಿಯಾಗಿ, ನೆಟ್ಟಗೆ, ಸಣ್ಣ ಸದ್ದಿನೊಂದಿಗೆ ಉರಿಯಬೇಕು. ತುದಿ ಹಳದಿಯಾಗಿ ತೂಗಾಡುತ್ತಿದ್ದರೆ ಗಾಳಿ ಸಾಲದು. ಬಹಳ ಸಲ ಮೇಲಿನ ಹೊಗೆಕೊಳವೆಯಿಂದ ಉಗುರಿನಷ್ಟು ತುಕ್ಕಿನ ಚಕ್ಕೆ ಉದುರಿ ಬರ್ನರಿನ ಸೀಳುಗಳ ಮೇಲೆ ಕೂತಿರುತ್ತದೆ. ಗ್ಯಾಸ್ ಮುಚ್ಚಿ, ಹೊಗೆಕೊಳವೆ ಬ್ರಷ್ ಮಾಡಿ, ಬರ್ನರನ್ನು ಊದಿ ಶುಚಿ ಮಾಡಿ. ಜೆಟ್ಟನ್ನು (ಗ್ಯಾಸ್ ಹೊರಬರುವ ಸಣ್ಣ ತೂತಿನ ತುಂಡು) ಆಲ್ಕೋಹಾಲಿನಲ್ಲಿ ನೆನೆಸಿ ಗಾಳಿ ಊದಿ. ಪಿನ್ನು ಚುಚ್ಚಬೇಡಿ, ಆ ತೂತು ಕೂದಲಿನಷ್ಟು ದೊಡ್ಡದಾದರೂ ಜ್ವಾಲೆ ಕೆಡುತ್ತದೆ. ಗುಂಡಿ ಬಿಟ್ಟೊಡನೆ ಜ್ವಾಲೆ ಆರಿದರೆ ಥರ್ಮೋಕಪಲ್‌ನ (ಜ್ವಾಲೆಯ ಬಿಸಿ ಇದ್ದಾಗ ಮಾತ್ರ ಗ್ಯಾಸ್ ತೆರೆದಿಡುವ ಸಲಾಕೆ) ತುದಿ ಜ್ವಾಲೆಯೊಳಗೆ ಇದೆಯೇ, ಮಸಿ ಹಿಡಿದಿದೆಯೇ ನೋಡಿ.

ಗ್ಯಾಸ್

ಸಿಲಿಂಡರ್ ಅರ್ಧ ತುಂಬಿದ್ದೂ ಚಳಿಯಲ್ಲಿ ಒಲೆ ಹೊತ್ತದಿದ್ದರೆ ಒಳಗಿರುವುದು ಬ್ಯೂಟೇನ್. ಅದು ಆವಿಯಾಗುವುದು -0.5 ಡಿಗ್ರಿಗಿಂತ ಮೇಲೆ. ಪ್ರೊಪೇನ್ -42 ಡಿಗ್ರಿಯಲ್ಲೂ ಆವಿಯಾಗುತ್ತದೆ. ಚಳಿ ಪ್ರದೇಶಕ್ಕೆ ಪ್ರೊಪೇನ್ ಒಯ್ಯಿರಿ.

ಸಿಲಿಂಡರ್ ಬದಲಿಸಿದ ಮೇಲೆ ಫ್ರಿಜ್ ಹೊತ್ತದಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಮೊದಲು ಒಲೆಯ ಒಂದು ಬರ್ನರ್ ಹಚ್ಚಿ ಜ್ವಾಲೆ ನಿಲ್ಲುವವರೆಗೆ ಬಿಡಿ, ನಂತರ ಫ್ರಿಜ್. ಒಲೆಯ ಒಂದು ಬರ್ನರ್ ಚೆನ್ನಾಗಿ ಉರಿದು, ಎರಡನೆಯದನ್ನು ಹಚ್ಚಿದಾಗ ಎರಡೂ ಕುಗ್ಗಿದರೆ ರೆಗ್ಯುಲೇಟರ್ ಸೋತಿದೆ, ಇಲ್ಲವೇ ಅದರೊಳಗೆ ಎಣ್ಣೆಯಂಥ ಜಿಡ್ಡು ತುಂಬಿದೆ. ರೆಗ್ಯುಲೇಟರನ್ನು ಸಿಲಿಂಡರಿಗಿಂತ ಎತ್ತರದಲ್ಲಿ ಕೂರಿಸಿ, ಹೋಸ್ ಅದರಿಂದ ಸಿಲಿಂಡರ್ ಕಡೆಗೆ ಇಳಿಜಾರಾಗಿದ್ದರೆ ಜಿಡ್ಡು ವಾಪಸು ಹೋಗುತ್ತದೆ.

ಬಿಚ್ಚಿ ಜೋಡಿಸಿದ ಪ್ರತಿ ಕೀಲಿಗೂ ಸೋಪಿನ ನೀರು ಸಿಂಪಡಿಸಿ ಗುಳ್ಳೆ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಕೂರುತ್ತದೆ. ಅದಕ್ಕೆಂದೇ ನೆಲದಲ್ಲಿ ಮಾಡಿದ ತೂತುಗಳನ್ನು ಚಳಿಗಾಳಿ ಬರುತ್ತದೆಂದು ಮುಚ್ಚಬೇಡಿ, ಚಾಪೆಯನ್ನೂ ಹಾಸಬೇಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದ ಗಾಡಿಯಲ್ಲಿ ರಾತ್ರಿ ಮಲಗಬೇಡಿ. ಪೆಟ್ರೋಲ್ ಬಂಕಿಗೆ ಹೋಗುವ ಮುನ್ನ ಫ್ರಿಜ್ಜಿನ ಜ್ವಾಲೆ ಆರಿಸಿ.

ತೇವ, ಟೈರು

ಗೋಡೆಯಲ್ಲಿ ಕಲೆ ಕಂಡರೆ ಅದು ಉಸಿರಿನ ತೇವವೋ ಮಳೆನೀರಿನ ಸೋರಿಕೆಯೋ ಎಂದು ಬೇರೆ ಮಾಡಿ. ಲೋಹದ ಚೌಕಟ್ಟು, ಕಿಟಕಿಗಳ ಮೇಲೆಲ್ಲ ಹನಿ ಇದ್ದರೆ ಉಸಿರಿನದ್ದು, ಗಾಳಿಯಾಡಲು ಬಿಡಿ. ಮಳೆ ಬಂದ ಮರುದಿನ ಒಂದೇ ಜಾಗದಲ್ಲಿ ತೇವದ ಮೀಟರ್ 20 ಪರ್ಸೆಂಟ್ ದಾಟಿದರೆ ಸೋರಿಕೆ. ಚಾವಣಿಯ ಕಿಟಕಿಯ ಸುತ್ತ, ಮೂಲೆಯ ಪಟ್ಟಿಗಳಲ್ಲಿ, ನೆರಳುಬಟ್ಟೆಯ ಹಳಿಯ ಸ್ಕ್ರೂಗಳಲ್ಲಿ ಹುಡುಕಿ. ನೀರು ಒಳಗೆ ಓಡಾಡಿ ದೂರದಲ್ಲಿ ಕಾಣಿಸಿಕೊಳ್ಳುತ್ತದೆ, ಕಲೆಯ ನೇರ ಮೇಲೆ ತೂತು ಇರಬೇಕೆಂದೇನಿಲ್ಲ. ಪಟ್ಟಿ ಬಿಚ್ಚಿ, ಹಳೆಯ ಅಂಟು ಪೂರ್ತಿ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಹೊಸ ಬ್ಯೂಟೈಲ್ ಟೇಪ್ (ನೀರು ತಡೆಯುವ ಮೆತ್ತನೆಯ ರಬ್ಬರ್ ಅಂಟುಪಟ್ಟಿ) ಹಾಕಿ ಬಿಗಿಯಿರಿ. ಸಿಲಿಕೋನ್ ಮೆತ್ತುವುದು ಸುಲಭ ಕಂಡರೂ ಬೇಡ. ಅದರ ಮೇಲೆ ಮುಂದೆ ಬೇರಾವ ಅಂಟೂ ನಿಲ್ಲುವುದಿಲ್ಲ.

ಮೋಟರ್‌ಹೋಮಿನ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ತಯಾರಾದ ಕಾಲ ತಿಳಿಯಲು ಬದಿಯಲ್ಲಿ ‘DOT’ (ಡಿಓಟಿ) ಎಂದು ಅಚ್ಚಾದ ಗುರುತಿನ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರ. ಪಕ್ಕದಲ್ಲಿ ಸಣ್ಣ ಬಿರುಕು ಕಂಡರೆ ಮೇಲಿನ ಗೀರುಗಳು ಆಳವಿದ್ದರೂ ಬದಲಿಸಿ, ಹತ್ತು ವರ್ಷ ದಾಟಿದ್ದನ್ನಂತೂ ಇಟ್ಟುಕೊಳ್ಳಬೇಡಿ. ಗಾಳಿ ಎಷ್ಟು ಹಾಕಬೇಕೆಂದು ತಿಳಿಯಲು ನೀರು, ಗ್ಯಾಸ್, ಸಾಮಾನು, ಜನ ಎಲ್ಲ ತುಂಬಿಕೊಂಡು ವೇಬ್ರಿಜ್ಜಿಗೆ (ಗಾಡಿ ತೂಗುವ ಕಟ್ಟೆ) ಹೋಗಿ, ಮುಂದಿನ ಆಕ್ಸಲ್ ಬೇರೆ, ಹಿಂದಿನದು ಬೇರೆ ತೂಗಿಸಿ, ಆ ತೂಕಕ್ಕೆ ಟೈರ್ ತಯಾರಕರ ಪಟ್ಟಿಯಲ್ಲಿರುವ ಒತ್ತಡ ಹಾಕಿ. ಹಿಂದಿನ ಆಕ್ಸಲ್ ಮಿತಿ ದಾಟಿದ್ದರೆ ಮೊದಲು ನೀರಿನ ಟ್ಯಾಂಕ್ ಎಲ್ಲಿದೆ ಎಂದು ನೋಡಿ. 100 ಲೀಟರ್ ನೀರು 100 ಕಿಲೋ. ಅದು ಹಿಂದಿನ ಆಕ್ಸಲಿಗಿಂತ ಹಿಂದೆ ಇದ್ದರೆ, ಓಡುವಾಗ ಕಾಲು ಭಾಗ ಮಾತ್ರ ತುಂಬಿಸಿಕೊಂಡು ತಂಗುವ ಜಾಗದಲ್ಲಿ ಉಳಿದದ್ದನ್ನು ತುಂಬಿ.